ಮೌಸ್ ಬಳಕೆ ಕಡಿಮೆ ಮಾಡಲು ಮೊದಲು ಯಾವ ಶಾರ್ಟ್‌ಕಟ್‌ಗಳನ್ನು ಕಲಿಯಬೇಕು?

ಪ್ರಶ್ನೆ, ಡೊಂಬಿವಲಿಯಿಂದ:

ಎಲ್ಲರಿಗೂ ನಮಸ್ಕಾರ. ನಾನು ಬ್ಯಾಂಕ್ ನೌಕರಿಯಿಂದ ನಿವೃತ್ತನಾಗಿ ನಾಲ್ಕು ವರ್ಷಗಳಾದವು. ಈಗ ನಮ್ಮ ಕನ್ನಡ ಸಂಘದ ಕಾರ್ಯದರ್ಶಿಯ ಹೊಣೆಯೂ ನಾವಿರುವ ಹೌಸಿಂಗ್ ಸೊಸೈಟಿಯ ಪತ್ರವ್ಯವಹಾರವೂ ನನ್ನ ಪಾಲಿಗೆ ಬಂದಿವೆ. ಸಂಘದ ಸೂಚನಾಪತ್ರ ಕನ್ನಡದಲ್ಲಿ, ಸೊಸೈಟಿಯ ನೋಟಿಸು ಮರಾಠಿಯಲ್ಲಿ, ಬ್ಯಾಂಕಿಗೆ ಬರೆಯುವ ಪತ್ರ ಇಂಗ್ಲಿಷಿನಲ್ಲಿ, ಹೀಗೆ ಒಂದೇ ಲ್ಯಾಪ್‌ಟಾಪಿನಲ್ಲಿ ಮೂರು ಭಾಷೆಗಳಲ್ಲಿ ಟೈಪ್ ಮಾಡುತ್ತೇನೆ. ಬಲಗೈ ಮಣಿಕಟ್ಟಿನ ನೋವು ಹೆಚ್ಚಾಗಿರುವುದರಿಂದ ಮೌಸ್ ಬಳಕೆಯನ್ನು ಆದಷ್ಟು ತಗ್ಗಿಸಬೇಕೆಂದು ವೈದ್ಯರು ಹೇಳಿದ್ದಾರೆ.

ಕಳೆದ ತಿಂಗಳು ಒಂದು ಅನಾಹುತವೂ ಆಯಿತು. ವಾರ್ಷಿಕ ಮಹಾಸಭೆಯ ಎರಡು ಪುಟದ ಸೂಚನಾಪತ್ರವನ್ನು ಮುಗಿಸುವ ಹಂತದಲ್ಲಿದ್ದೆ. ‘ಕಳೆದ ಸಭೆಯ ನಡಾವಳಿಯನ್ನು ಓದಿ ಅಂಗೀಕರಿಸುವುದು’ ಎಂದು ಬರೆಯುವಾಗ, ‘ಓ’ ಅಕ್ಷರಕ್ಕಾಗಿ ಶಿಫ್ಟ್ ಜೊತೆ ಎ ಒತ್ತುವ ಬದಲು ಕೈ ಜಾರಿ ಅದರ ಕೆಳಗಿನ ಕಂಟ್ರೋಲ್ ಒತ್ತಿಬಿಟ್ಟೆ. ಬರಹವೆಲ್ಲ ನೀಲಿಬಣ್ಣಕ್ಕೆ ತಿರುಗಿತು. ಮುಂದಿನ ‘ದ’ ಒತ್ತಿದ ಕೂಡಲೇ ಎರಡೂ ಪುಟಗಳು ಮಾಯವಾಗಿ ಆ ಒಂದು ‘ದ’ ಮಾತ್ರ ಉಳಿಯಿತು. ಗಾಬರಿಯಿಂದ ಫೈಲನ್ನು ಮುಚ್ಚಿದೆ, ಸೇವ್ ಮಾಡಬೇಕೇ ಎಂದು ಕೇಳಿದಾಗ ಹೌದು ಎಂದೂ ಒತ್ತಿದೆ. ಮರುದಿನ ಎಲ್ಲವನ್ನೂ ಮೊದಲಿನಿಂದ ಟೈಪ್ ಮಾಡಬೇಕಾಯಿತು.

ನೂರು ಶಾರ್ಟ್‌ಕಟ್‌ಗಳ ಪಟ್ಟಿಗಳು ನನ್ನಲ್ಲಿವೆ, ಆದರೆ ಅವು ತಲೆಯಲ್ಲಿ ನಿಲ್ಲುವುದಿಲ್ಲ. ನನ್ನಂಥವನು ಮೊದಲು ಕಲಿಯಬೇಕಾದವು ಯಾವುವು? ಭಾಷೆ ಬದಲಿಸಲು ಪ್ರತಿಸಲವೂ ಪರದೆಯ ಮೂಲೆಗೆ ಮೌಸ್ ಒಯ್ಯದೆ ಇರಲು ದಾರಿಯಿದೆಯೇ?

ಉತ್ತರ, ಘಾಟ್‌ಕೋಪರ್‌ನಿಂದ:

ಮಾನ್ಯರೇ, ತಮ್ಮ ಎರಡು ಪುಟಗಳು ಹೋದದ್ದನ್ನು ಓದಿ ನಿಜಕ್ಕೂ ಬೇಸರವಾಯಿತು, ಏಕೆಂದರೆ ಆ ಗಳಿಗೆಯಲ್ಲಿ ಕಂಟ್ರೋಲ್ ಹಿಡಿದು ಝಡ್ ಒತ್ತಿದ್ದರೆ ಅವು ಹಾಗೆಯೇ ಮರಳುತ್ತಿದ್ದವು. ಕಂಟ್ರೋಲ್ ಮತ್ತು ಎ ಸೇರಿದರೆ ಬರಹವೆಲ್ಲ ಆಯ್ಕೆಯಾಗುತ್ತದೆ. ಆಯ್ಕೆಯಾದದ್ದರ ಮೇಲೆ ಯಾವ ಅಕ್ಷರ ಒತ್ತಿದರೂ ಅದು ಇಡೀ ಆಯ್ಕೆಯ ಜಾಗಕ್ಕೆ ಬಂದು ಕೂರುತ್ತದೆ. ಕಂಟ್ರೋಲ್ ಝಡ್ ಕೊನೆಯ ಕೆಲಸವನ್ನು ರದ್ದುಮಾಡುತ್ತದೆ, ಮತ್ತೆ ಒತ್ತಿದರೆ ಅದರ ಹಿಂದಿನದನ್ನು. ವರ್ಡ್‌ನಲ್ಲಿ ಸೇವ್ ಮಾಡಿದ ಮೇಲೂ ಇದು ನಡೆಯುತ್ತದೆ, ಆದರೆ ಫೈಲನ್ನು ಮುಚ್ಚಿದರೆ ಆ ನೆನಪು ಅಳಿಸಿಹೋಗುತ್ತದೆ. ಆದ್ದರಿಂದ ಏನೇ ಆದರೂ ಮೊದಲು ಫೈಲನ್ನು ಮುಚ್ಚದೆ ಕೈಯನ್ನು ಕೀಲಿಮಣೆಯಿಂದ ಎತ್ತಿರಿ, ಅನಂತರ ಕಂಟ್ರೋಲ್ ಝಡ್ ಒತ್ತಿರಿ. ರದ್ದಾದದ್ದು ಹೆಚ್ಚಾಯಿತು ಎನಿಸಿದರೆ ಕಂಟ್ರೋಲ್ ವೈ ಅದನ್ನು ವಾಪಸು ತರುತ್ತದೆ.

ನಾನು ಭಾನುವಾರಗಳಂದು ಹಿರಿಯರಿಗೆ ಕಂಪ್ಯೂಟರ್ ಹೇಳಿಕೊಡುತ್ತೇನೆ. ಅಲ್ಲಿ ಮೊದಲ ಪಾಠವೇ ಇದು: ಬೇಡವಾದ ಒಂದು ಫೈಲಿನಲ್ಲಿ ಹತ್ತು ಸಾಲು ಟೈಪ್ ಮಾಡಿಸಿ, ಅವರ ಕೈಯಿಂದಲೇ ಕಂಟ್ರೋಲ್ ಎ ಮತ್ತು ಒಂದು ಅಕ್ಷರ ಒತ್ತಿಸಿ ಎಲ್ಲವನ್ನೂ ಅಳಿಸಿ, ಅವರ ಕೈಯಿಂದಲೇ ಮರಳಿ ತರಿಸುತ್ತೇನೆ. ನಾಲ್ಕೈದು ಸಲ ಹೀಗೆ ಮಾಡಿದವರಿಗೆ ಕೀಲಿಮಣೆಯ ಭಯ ಬಿಟ್ಟುಹೋಗುತ್ತದೆ, ಭಯ ಹೋದವರು ಉಳಿದದ್ದನ್ನು ತಾವಾಗಿ ಕಲಿಯುತ್ತಾರೆ.

ಎರಡನೆಯ ವಾರಕ್ಕೆ ಎಕ್ಸ್, ಸಿ, ವಿ ಸಾಕು: ಕತ್ತರಿಸಲು, ನಕಲಿಸಲು, ಅಂಟಿಸಲು. ಝಡ್ ಸೇರಿ ಈ ನಾಲ್ಕೂ ಕೆಳಸಾಲಿನಲ್ಲಿ ಒಂದರ ಪಕ್ಕ ಒಂದಿರುವುದು ಆಕಸ್ಮಿಕವಲ್ಲ. ಕತ್ತರಿಸಿ ಅಂಟಿಸುವ ಪದ್ಧತಿಯನ್ನು 1970ರ ದಶಕದಲ್ಲಿ ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ರೂಪಿಸಿದವರಲ್ಲಿ ಒಬ್ಬರಾದ ಲ್ಯಾರಿ ಟೆಸ್ಲರ್ ಮುಂದೆ ಆಪಲ್ ಕಂಪನಿ ಸೇರಿದರು. ಅಲ್ಲಿ 1983ರಲ್ಲಿ ಬಂದ ಲೀಸಾ ಕಂಪ್ಯೂಟರಿನಲ್ಲಿ ಈ ನಾಲ್ಕು ಅಕ್ಷರಗಳ ಜೋಡಣೆ ನೆಲೆಯಾಯಿತು. ಎಡಗೈಯೊಂದರಲ್ಲೇ ಮುಗಿಯುವ ಕೆಲಸವಾದ್ದರಿಂದ ತಮ್ಮ ಬಲಗೈಗೆ ಅಷ್ಟು ವಿಶ್ರಾಂತಿ.

ಎರಡು ಕೀಲಿಗಳನ್ನು ಒಟ್ಟಿಗೆ ಹಿಡಿಯುವುದೇ ಬೆರಳಿಗೆ ಕಷ್ಟವಾದರೆ ಶಿಫ್ಟ್ ಕೀಲಿಯನ್ನು ಬೆನ್ನುಬೆನ್ನಿಗೆ ಐದು ಸಲ ಒತ್ತಿರಿ. ಸ್ಟಿಕಿ ಕೀಸ್ ಬೇಕೇ ಎಂದು ವಿಂಡೋಸ್ ಕೇಳುತ್ತದೆ. ಒಪ್ಪಿದರೆ ಮೊದಲು ಕಂಟ್ರೋಲ್ ಒತ್ತಿ ಬಿಟ್ಟು, ಅನಂತರ ಸಾವಕಾಶವಾಗಿ ಝಡ್ ಒತ್ತಿದರೂ ನಡೆಯುತ್ತದೆ.

ಉತ್ತರ, ಪುಣೆಯಿಂದ:

ಮರಾಠಿಯಿಂದ ಕನ್ನಡಕ್ಕೆ ಅನುವಾದ ಮಾಡುವುದು ನನ್ನ ವೃತ್ತಿ, ಆದ್ದರಿಂದ ಭಾಷೆ ಬದಲಿಸುವ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ವಿಂಡೋಸ್ ಕೀಲಿಯನ್ನು ಹಿಡಿದು ಸ್ಪೇಸ್ ಒತ್ತಿದರೆ ತಾವು ಸೇರಿಸಿಟ್ಟಿರುವ ಭಾಷೆಗಳು ಒಂದಾದ ಮೇಲೊಂದು ಬರುತ್ತವೆ. ಎಡಗಡೆಯ ಆಲ್ಟ್ ಜೊತೆ ಶಿಫ್ಟ್ ಒತ್ತಿದರೂ ಸಾಮಾನ್ಯವಾಗಿ ಭಾಷೆ ಹೊರಳುತ್ತದೆ. ಕನ್ನಡ ಬರೆಯುತ್ತಿರುವಾಗ ಇದ್ದಕ್ಕಿದ್ದಂತೆ ದೇವನಾಗರಿ ಬರತೊಡಗಿದರೆ ಯಂತ್ರ ಕೆಟ್ಟಿತೆಂದು ತಿಳಿಯಬೇಡಿ, ಅದು ಬಹುತೇಕ ಗಮನಿಸದೆ ಒತ್ತಿದ ಈ ಜೋಡಿಯ ಪರಿಣಾಮವಾಗಿರುತ್ತದೆ.

‘ಓ’ಗೆ ಶಿಫ್ಟ್ ಮತ್ತು ಎ ಎಂದು ಬರೆದಿದ್ದೀರಿ, ಹಾಗಾದರೆ ತಾವು ಬಳಸುವುದು ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆ ವಿನ್ಯಾಸ, ಅಂದರೆ ಯಾವ ಕೀಲಿಗೆ ಯಾವ ಅಕ್ಷರ ಎಂಬ ಜೋಡಣೆ. ತಮ್ಮಂತೆ ಮುಂಬಯಿಯಲ್ಲಿ ಕುಳಿತು ಎರಡು ಭಾಷೆಗಳಲ್ಲಿ ಬರೆಯುವವರಿಗೆ ಅದರಷ್ಟು ಅನುಕೂಲವಾದದ್ದು ಬೇರೆಯಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಭಾರತೀಯ ಲಿಪಿಗಳಿಗೆಲ್ಲ ಒಂದೇ ಚೌಕಟ್ಟು ಎಂಬ ನಿಲುವಿನಿಂದ ರೂಪುಗೊಂಡ ವಿನ್ಯಾಸವಾದ್ದರಿಂದ ಕೆ ಒತ್ತಿದರೆ ಕನ್ನಡದಲ್ಲೂ ಮರಾಠಿಯಲ್ಲೂ ‘ಕ’ವೇ ಬರುತ್ತದೆ, ಒತ್ತಕ್ಷರಕ್ಕೆ ಎರಡರಲ್ಲೂ ಡಿ ಕೀಲಿಯೇ, ಶಿಫ್ಟ್ ಮತ್ತು ಎನ್ ಒತ್ತಿದರೆ ಎರಡರಲ್ಲೂ ‘ಳ’ವೇ. ಹೊಸದಾಗಿ ನೆನಪಿಡಬೇಕಾದದ್ದು ಮರಾಠಿಯಲ್ಲಿಲ್ಲದ ನಮ್ಮ ಹ್ರಸ್ವ ಎ, ಹ್ರಸ್ವ ಒ ಮುಂತಾದ ಕೆಲವನ್ನು ಮಾತ್ರ.

ಇನ್ನೊಂದು ವಿಷಯವನ್ನು ಬಹಳ ಮಂದಿ ಗಮನಿಸಿರುವುದಿಲ್ಲ. ಕನ್ನಡದಲ್ಲಿ ಬ್ಯಾಕ್‌ಸ್ಪೇಸ್ ಮತ್ತು ಡಿಲೀಟ್ ಒಂದೇ ರೀತಿ ಅಳಿಸುವುದಿಲ್ಲ. ‘ಸ್ತ್ರೀ’ ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರವಾದರೂ ಕಂಪ್ಯೂಟರಿಗೆ ಸ, ಒತ್ತು, ತ, ಒತ್ತು, ರ, ದೀರ್ಘ ಎಂದು 6 ಸಂಕೇತಗಳು. ವರ್ಡ್‌ನಲ್ಲಿ ಅದರ ಬಲಕ್ಕೆ ನಿಂತು ಬ್ಯಾಕ್‌ಸ್ಪೇಸ್ ಒತ್ತಿದರೆ ಕೊನೆಯ ಸಂಕೇತವಷ್ಟೇ ಹೋಗುತ್ತದೆ. ಎಡಕ್ಕೆ ನಿಂತು ಡಿಲೀಟ್ ಒತ್ತಿದರೆ ಇಡೀ ಅಕ್ಷರವೇ ಹೋಗುತ್ತದೆ. ಸದಸ್ಯರ ಪಟ್ಟಿಯಲ್ಲಿ ‘ಲಕ್ಷ್ಮಿ’ಯನ್ನು ‘ಲಕ್ಷ್ಮೀ’ ಮಾಡಬೇಕಾದರೆ ಹೆಸರನ್ನು ಪೂರ್ತಿ ಅಳಿಸುವ ಅಗತ್ಯವಿಲ್ಲ: ಒಂದು ಬ್ಯಾಕ್‌ಸ್ಪೇಸ್, ಒಂದು ದೀರ್ಘ, ಅಷ್ಟೇ.

ಮೂರು ಭಾಷೆಗಳಲ್ಲಿ ಒಂದೇ ವಿಳಾಸವನ್ನೂ ನೋಂದಣಿ ಸಂಖ್ಯೆಯನ್ನೂ ಪದೇ ಪದೇ ಬರೆಯುವವರಿಗೆ ವಿಂಡೋಸ್ ಮತ್ತು ವಿ ಜೋಡಿ ದೊಡ್ಡ ಉಪಕಾರ ಮಾಡುತ್ತದೆ. ಮೊದಲ ಸಲ ಒತ್ತಿದಾಗ ಅದನ್ನು ಚಾಲೂ ಮಾಡಬೇಕು. ಆಮೇಲೆ ನಕಲಿಸಿದ 25 ತುಣುಕುಗಳವರೆಗೆ ಅಲ್ಲಿ ಸಾಲಾಗಿ ಸಿಗುತ್ತವೆ. ಪಿನ್ ಮಾಡಿಟ್ಟವು ಕಂಪ್ಯೂಟರ್ ಆರಿಸಿ ಹಚ್ಚಿದರೂ ಉಳಿಯುತ್ತವೆ. ಪಾಸ್‌ವರ್ಡುಗಳನ್ನು ನಕಲಿಸುವ ಅಭ್ಯಾಸವಿದ್ದರೆ ಅವೂ ಅಲ್ಲಿ ಕಾಣಿಸುತ್ತವೆ ಎಂಬ ಎಚ್ಚರವಿರಲಿ.

ಉತ್ತರ, ಮಡಗಾಂವ್‌ನಿಂದ:

ಘಾಟ್‌ಕೋಪರ್‌ನವರ ಮಾತಿಗೆ ನನ್ನದೊಂದು ಸಣ್ಣ ತಕರಾರಿದೆ. ಮೊದಲ ಪಾಠ ಝಡ್ ಅಲ್ಲ, ಎಸ್ ಆಗಬೇಕು. ವಿದ್ಯುತ್ ಹೋಗಿ ಕಂಪ್ಯೂಟರ್ ಆರಿದರೆ ಝಡ್ ಏನೂ ಮಾಡಲಾರದು. ಪ್ರತಿ ಪ್ಯಾರಾ ಮುಗಿದಾಗ ಕಂಟ್ರೋಲ್ ಎಸ್ ಒತ್ತಿ ಸೇವ್ ಮಾಡುವ ರೂಢಿಯಿದ್ದರೆ ಹೋಗುವುದು ಒಂದು ಪ್ಯಾರಾ ಮಾತ್ರ.

ಸಂಘದ ವಂತಿಗೆಯ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಇಡುತ್ತಿದ್ದರೆ, ಕಂಟ್ರೋಲ್ ಜೊತೆ ಅರ್ಧವಿರಾಮದ ಕೀಲಿ ಒತ್ತಿದಾಗ ಆ ದಿನದ ತಾರೀಖು ಬರುತ್ತದೆ. ಮೊತ್ತಗಳ ಸಾಲಿನ ಕೆಳಗಿನ ಖಾಲಿ ಮನೆಯಲ್ಲಿ ನಿಂತು ಆಲ್ಟ್ ಜೊತೆ ಸಮ ಚಿಹ್ನೆ ಒತ್ತಿ ಎಂಟರ್ ಮಾಡಿದರೆ ಮೇಲಿನ ಮೊತ್ತಗಳ ಕೂಡಿಕೆ ಸಿದ್ಧ. ಈ ಎರಡನ್ನು ಕೀಲಿಮಣೆ ಇಂಗ್ಲಿಷಿನಲ್ಲಿದ್ದಾಗ ಒತ್ತುವುದು ಒಳ್ಳೆಯದು.

ಮರುಬರಹ, ಡೊಂಬಿವಲಿಯಿಂದ, ಎರಡು ವಾರಗಳ ನಂತರ:

ಮೂವರಿಗೂ ಕೃತಜ್ಞತೆಗಳು. ಬೇಡದ ಫೈಲಿನಲ್ಲಿ ಬೇಕೆಂದೇ ಅಳಿಸಿ ಮರಳಿ ತರುವ ಅಭ್ಯಾಸವನ್ನು ನಾಲ್ಕು ದಿನ ಮಾಡಿದೆ. ಎಸ್ ಮತ್ತು ಝಡ್ ಎರಡೂ ಈಗ ಕೈಗೆ ಬಂದಿವೆ, ಯಾವುದು ಮೊದಲು ಬಂತೆಂದು ಹೇಳಲಾರೆ. ಸ್ಟಿಕಿ ಕೀಸ್ ನನಗೆ ಒಗ್ಗಲಿಲ್ಲ. ಶಿಫ್ಟ್ ಒತ್ತಿದ್ದನ್ನು ಮರೆತು ಮುಂದಿನ ಅಕ್ಷರ ತಪ್ಪುತ್ತಿತ್ತು, ಹಾಗಾಗಿ ತೆಗೆದುಹಾಕಿದೆ.

ಬ್ಯಾಕ್‌ಸ್ಪೇಸ್ ವಿಷಯ ಮಾತ್ರ ಇಷ್ಟು ವರ್ಷ ಟೈಪ್ ಮಾಡಿಯೂ ನನಗೆ ತಿಳಿದಿರಲಿಲ್ಲ. ಸದಸ್ಯರ ಪಟ್ಟಿಯಲ್ಲಿ ಹ್ರಸ್ವ, ದೀರ್ಘಗಳು ತಪ್ಪಿದ್ದ ಹೆಸರುಗಳನ್ನು ನಿನ್ನೆ ಸಂಜೆ ಮೌಸ್ ಮುಟ್ಟದೆ ತಿದ್ದಿದೆ. ಕಂಟ್ರೋಲ್ ಎಫ್‌ನಿಂದ ಹೆಸರನ್ನು ಹುಡುಕಿ, ಬಾಣದ ಕೀಲಿಯಿಂದ ಅಕ್ಷರದ ಬಲಕ್ಕೆ ಹೋಗಿ, ಒಂದು ಸಂಕೇತ ಅಳಿಸಿ ಸರಿಯಾದದ್ದನ್ನು ಹಾಕುವುದು, ಮುಗಿದ ಮೇಲೆ ಕಂಟ್ರೋಲ್ ಎಸ್. ಈಗ ಸೊಸೈಟಿಯ ಮರಾಠಿ ಪಟ್ಟಿಯನ್ನು ಕೈಗೆತ್ತಿಕೊಂಡಿದ್ದೇನೆ.