ಸನ್‌ಬ್ರೇಕ್ ಈಗ ಶುರು ಮಾಡುವವರಿಗೆ ನಿಮ್ಮ ಸಲಹೆ ಏನು?

ಕೇಳಿದ್ದು

ನಿಂಟೆಂಡೊ ಸ್ವಿಚ್‌ನಲ್ಲಿ ಮಾನ್‌ಸ್ಟರ್ ಹಂಟರ್ ರೈಸ್ ಆಡುತ್ತಿದ್ದೇನೆ. ಕಮುರಾ ಹಳ್ಳಿಯ ಕಥೆ ಮುಗಿದಿದೆ. ಲಾಂಗ್ ಸ್ವೋರ್ಡ್ ಬಿಟ್ಟು ಬೇರೆ ಆಯುಧ ಹಿಡಿದಿಲ್ಲ. ಸನ್‌ಬ್ರೇಕ್ ವಿಸ್ತರಣೆಯನ್ನೂ ಕೊಂಡಿದ್ದೇನೆ, ಆದರೆ ಅದರ ಹೊಸ ನೆಲೆಯಾದ ಎಲ್ಗಾಡೊಗೆ ಹೋಗುವ ದಾರಿ ತೆರೆಯುತ್ತಿಲ್ಲ. ಕೆಲಸ ಮುಗಿದ ಮೇಲೆ ರಾತ್ರಿ ಒಂದೆರಡು ಬೇಟೆಗಷ್ಟೇ ಬಿಡುವು, ಜೊತೆಗೆ ಆಡುವ ಗೆಳೆಯರೂ ಇಲ್ಲ. ಹೊಸದಾಗಿ ಬಂದಿರುವುದರಲ್ಲಿ ಯಾವುದನ್ನು ಮೊದಲು ಕಲಿಯಲಿ, ಯಾವುದನ್ನು ಸದ್ಯಕ್ಕೆ ಬಿಡಲಿ? ಆಡಿದವರು ದಯವಿಟ್ಟು ಹೇಳಿ.

ಲಾಂಗ್ ಸ್ವೋರ್ಡ್ ಬಳಸುವವರೊಬ್ಬರು

ಮೊದಲು ದಾರಿಯ ವಿಷಯ. ಹಳ್ಳಿಯ ಕಥೆ ಮುಗಿಸಿದರೆ ಸಾಲದು. ಹಬ್‌ನ, ಅಂದರೆ ಹಲವರು ಸೇರಿಯೂ ಆಡಬಹುದಾದ ವಿಭಾಗದ, ಏಳು ನಕ್ಷತ್ರದ ಕ್ವೆಸ್ಟ್‌ಗಳಲ್ಲಿ (ಬೇಟೆಯ ಕೆಲಸಗಳಲ್ಲಿ) ಥಂಡರ್ ಸರ್ಪೆಂಟ್ ನಾರ್ವಾಳನ್ನು ಸೋಲಿಸಬೇಕು. ಆ ನಂತರವೇ ಎಲ್ಗಾಡೊದ ಯೋಧೆ ಫಿಯೊರೇನ್ ನಿಮ್ಮನ್ನು ಭೇಟಿಯಾಗುತ್ತಾಳೆ, ಡೈಮ್ಯೊ ಹರ್ಮಿಟಾರ್ ಬೇಟೆಯೊಂದಿಗೆ ಹೊಸ ಕಥೆ ಶುರುವಾಗುತ್ತದೆ. ಹಬ್ ಅನ್ನು ಒಂದನೇ ನಕ್ಷತ್ರದಿಂದ ಏರಬೇಕಲ್ಲ ಎಂದು ಎದೆಗುಂದಬೇಡಿ. ಹಳ್ಳಿಯಲ್ಲಿ ನೀವು ಮುಗಿಸಿರುವ ಕ್ವೆಸ್ಟ್‌ಗಳ ಆಧಾರದ ಮೇಲೆ ಸ್ಪೆಷಲ್ ಲೈಸೆನ್ಸ್ ಪರೀಕ್ಷೆಗಳು ಸಿಗುತ್ತವೆ. ಅವುಗಳಲ್ಲಿ ಗೆದ್ದರೆ ಕೆಳಗಿನ ಹಂತಗಳನ್ನು ದಾಟಿ ನೇರವಾಗಿ ಮೇಲೆ ಹೋಗಬಹುದು.

ಇನ್ನು ಕಲಿಯುವ ಮಾತು. ನನ್ನನ್ನು ಕೇಳಿದರೆ ಸನ್‌ಬ್ರೇಕ್‌ನ ಜೀವ ಇರುವುದು ಸ್ವಿಚ್ ಸ್ಕಿಲ್ ಸ್ವಾಪ್‌ನಲ್ಲಿ. ರೈಸ್‌ನಲ್ಲಿ ಕಾಳಗಕ್ಕೆ ಇಳಿಯುವ ಮುನ್ನವೇ ಯಾವ ಸ್ವಿಚ್ ಸ್ಕಿಲ್ (ಆಯುಧದ ಬದಲಿ ಚಲನೆ) ಬೇಕೆಂದು ತೀರ್ಮಾನಿಸಬೇಕಿತ್ತು. ಇಲ್ಲಿ ಕೆಂಪು, ನೀಲಿ ಎಂಬ ಎರಡು ಸ್ಕ್ರೋಲ್‌ಗಳಿವೆ. ಎರಡರಲ್ಲೂ ಬೇರೆ ಬೇರೆ ಹೊಂದಾಣಿಕೆ ಇಟ್ಟುಕೊಂಡು ಕಾಳಗದ ನಡುವೆಯೇ ಒಂದರಿಂದ ಇನ್ನೊಂದಕ್ಕೆ ಬದಲಾಯಿಸಬಹುದು. ಬದಲಾಯಿಸಿದ ತಕ್ಷಣ ಸ್ವಾಪ್ ಇವೇಡ್ ಬಳಸಿ ಪಕ್ಕಕ್ಕೋ ಹಿಂದಕ್ಕೋ ಜಾರಿಕೊಳ್ಳಬಹುದು. ದಾಳಿಯ ನಂತರ ತೆರೆದ ಮೈಯಲ್ಲಿ ನಿಲ್ಲುವ ಆ ಅಪಾಯದ ಗಳಿಗೆಯಲ್ಲಿ ಇದು ಎಷ್ಟು ಸಲ ಪ್ರಾಣ ಉಳಿಸುತ್ತದೆ ಎಂಬುದನ್ನು ಆಡಿಯೇ ತಿಳಿಯಬೇಕು.

ನಿಮ್ಮದೂ ಲಾಂಗ್ ಸ್ವೋರ್ಡ್ ಆದ್ದರಿಂದ ಹೇಳುತ್ತೇನೆ. ಕೆಂಪು ಸ್ಕ್ರೋಲ್‌ನಲ್ಲಿ ನಿಮಗೆ ಪರಿಚಯವಿರುವ ಪ್ರತಿದಾಳಿ ಸಿರೀನ್ ಪೋಸ್ ಇರಲಿ. ಹಾರ್ವೆಸ್ಟ್ ಮೂನ್ ಎಂಬ ಹೊಸ ಸ್ಕಿಲ್ ದೊರೆತ ಮೇಲೆ ಅದನ್ನು ನೀಲಿಯಲ್ಲಿ ಇಡಿ. ಇದು ನಿಮ್ಮ ಸುತ್ತ ಒಂದು ವೃತ್ತವನ್ನು ಎಳೆಯುತ್ತದೆ. ಅದರೊಳಗೆ ನಿಂತು ಮಾಡುವ ಪ್ರತಿದಾಳಿಗಳಿಗೆ ಬಲ ಹೆಚ್ಚು. ಗೊತ್ತಿರುವುದು ಒಂದು ಕಡೆ, ಕಲಿಯುತ್ತಿರುವುದು ಇನ್ನೊಂದು ಕಡೆ. ಹೊಸದು ಕೈಕೊಟ್ಟರೆ ಅರೆಕ್ಷಣದಲ್ಲಿ ಹಳೆಯದಕ್ಕೆ ಮರಳಬಹುದು. ತರಬೇತಿ ಅಂಗಳದ ಕಪ್ಪೆಯ ಮುಂದೆ ಸ್ವಲ್ಪ ಹೊತ್ತು ಅಭ್ಯಾಸ ಮಾಡಿ. ಕೈಗೆ ರೂಢಿಯಾಗುವ ಮೊದಲು ಬೇಟೆಯಲ್ಲಿ ಪ್ರಯೋಗಿಸಿದರೆ ಗೊಂದಲವಾಗುತ್ತದೆ. ಕವಚದಲ್ಲಿ ಕ್ವಿಕ್ ಶೀದ್ ಇರಲಿ. ಖಡ್ಗ ಬೇಗ ಒರೆ ಸೇರಿದಷ್ಟೂ ಒರೆಯಿಂದ ಹೊಮ್ಮುವ ಪ್ರತಿದಾಳಿಗೆ ಅವಕಾಶ ಹೆಚ್ಚು.

ಒಬ್ಬರೇ ಆಡುವ ಇನ್ನೊಬ್ಬರು

ಗೆಳೆಯರಿಲ್ಲ ಎಂಬ ಚಿಂತೆ ಬಿಡಿ. ಸನ್‌ಬ್ರೇಕ್‌ನ ಕಠಿಣ ಹಂತವಾದ ಮಾಸ್ಟರ್ ರ‍್ಯಾಂಕ್‌ನಲ್ಲಿ ಹಳ್ಳಿಯ ಕ್ವೆಸ್ಟ್ ಬೇರೆ, ಹಬ್‌ನ ಕ್ವೆಸ್ಟ್ ಬೇರೆ ಎಂಬ ವಿಭಾಗವೇ ಇಲ್ಲ. ಎಲ್ಲವೂ ಒಂದೇ ಪಟ್ಟಿಯಲ್ಲಿವೆ, ಒಬ್ಬರೇ ಹೋದರೆ ಮೃಗದ ಬಲವೂ ಒಬ್ಬರಿಗೆ ತಕ್ಕಷ್ಟೇ ಇರುತ್ತದೆ. ನಾನು ಇಡೀ ಕಥೆಯನ್ನು ಒಬ್ಬಳೇ ಮುಗಿಸಿದ್ದೇನೆ.

ನಿಮ್ಮಂಥವರಿಗೆ ನಾನು ಹೃತ್ಪೂರ್ವಕವಾಗಿ ಶಿಫಾರಸು ಮಾಡುವುದು ಫಾಲೋವರ್ ಕ್ವೆಸ್ಟ್‌ಗಳನ್ನು. ಕಮುರಾ ಮತ್ತು ಎಲ್ಗಾಡೊದ ಪಾತ್ರಗಳು ನಿಮ್ಮೊಂದಿಗೆ ಬೇಟೆಗೆ ಬರುತ್ತವೆ. ಫಿಯೊರೇನ್ ಕತ್ತಿ ಗುರಾಣಿ ಹಿಡಿದು ಬರುತ್ತಾಳೆ, ಹಿನೋವಾಳದು ಬಿಲ್ಲು, ಮಿನೊಟೊಳದು ಲ್ಯಾನ್ಸ್, ಲುಚಿಕಾಳದು ಹೆವಿ ಬೋಗನ್. ಗಾಯಗೊಂಡಾಗ ನಿಮಗೆ ಚಿಕಿತ್ಸೆ ನೀಡುತ್ತಾರೆ, ಬಲೆ ಹಾಕುತ್ತಾರೆ, ಮೃಗದ ಬೆನ್ನೇರಿ ಇನ್ನೊಂದು ಮೃಗವನ್ನು ಗುದ್ದಿಸುತ್ತಾರೆ. ಹಳ್ಳಿಯ ಹಿರಿಯ ಫುಗೆನ್ ಬಂದರೆ ಅವನ ಹಿಂದೆ ನಿಂತು ಗಮನಿಸಿ. ಅವನ ಕೈಯಲ್ಲಿರುವುದೂ ನಿಮ್ಮ ಲಾಂಗ್ ಸ್ವೋರ್ಡ್.

ಇವನ್ನು ಪಕ್ಕದ ಕೆಲಸವೆಂದು ಬದಿಗಿಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ರೈಸ್‌ನಲ್ಲಿ ಕ್ವೆಸ್ಟ್ ಕೊಡುವುದಕ್ಕಷ್ಟೇ ನಿಂತಿದ್ದ ಹಿನೋವಾ, ಮಿನೊಟೊ ಅಕ್ಕತಂಗಿಯರು ಇಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಲ್ಲುತ್ತಾರೆ. ಮೃಗ ನಿಮ್ಮೊಬ್ಬರನ್ನೇ ಅಟ್ಟಿಸಿಕೊಂಡು ಬರುವುದಿಲ್ಲವಾದ್ದರಿಂದ ಅದರ ಚಲನೆಯನ್ನು ದೂರದಿಂದ ನೋಡಿ ಅರಿಯಲು ಬಿಡುವು ಸಿಗುತ್ತದೆ. ಹೊಸ ಮೃಗವನ್ನು ಮೊದಲು ಫಾಲೋವರ್ ಜೊತೆ ನೋಡುವ ಅವಕಾಶವಿದ್ದರೆ ಹಾಗೆಯೇ ಮಾಡಿ.

ಲ್ಯಾನ್ಸ್ ಹಿಡಿಯುವವರೊಬ್ಬರು

ಇಲ್ಲಿ ಯಾರೂ ಡಿಫೆಂಡರ್ ಆಯುಧಗಳ ಬಗ್ಗೆ ಹೇಳಿಲ್ಲ. ಸನ್‌ಬ್ರೇಕ್‌ಗೆ ಬೇಗ ತಲುಪಲಿ ಎಂದು ಆಟದಲ್ಲಿ ಡಿಫೆಂಡರ್ ಆಯುಧಗಳನ್ನೂ ಬ್ಲ್ಯಾಕ್ ಬೆಲ್ಟ್ ಕವಚವನ್ನೂ ಕೊಟ್ಟಿದ್ದಾರೆ. ಅವನ್ನು ಹಿಡಿದರೆ ಹಬ್‌ನ ಮೃಗಗಳು ಚಿಟಿಕೆ ಹೊಡೆಯುವಷ್ಟರಲ್ಲಿ ಬೀಳುತ್ತವೆ. ನನ್ನ ಸಲಹೆ: ಬಳಸಬೇಡಿ. ಮಾಸ್ಟರ್ ರ‍್ಯಾಂಕ್‌ನಲ್ಲಿ ಹೊಡೆತ ಗಟ್ಟಿ, ಮೃಗ ಚುರುಕು. ಹಬ್‌ನಲ್ಲಿ ಕಲಿಯದೆ ದಾಟಿದ ಪಾಠವನ್ನು ಅಲ್ಲಿನ ಮೃಗ ಲುನಗಾರಾನ್ ಕಲಿಸುತ್ತದೆ, ಅದೂ ಬಹಳ ಕಟುವಾಗಿ.

ಮಾಸ್ಟರ್ ರ‍್ಯಾಂಕ್ ಸೇರಿದ ಕೂಡಲೇ ಹಳೆಯ ಕವಚವನ್ನು ಎಸೆಯಬೇಡಿ. ಅದರ ಸ್ಕಿಲ್‌ಗಳು ಆರಂಭಕ್ಕೆ ಸಾಕು. ಮೊದಲು ಆಯುಧವನ್ನು ಮೇಲ್ದರ್ಜೆಗೆ ಏರಿಸಿ.

ಲಾಂಗ್ ಸ್ವೋರ್ಡ್ ಬಳಸುವವರು, ಮತ್ತೆ

ಡಿಫೆಂಡರ್ ಬಗ್ಗೆ ಅರ್ಧ ಒಪ್ಪುತ್ತೇನೆ. ದಿನಕ್ಕೆ ಒಂದೆರಡು ಬೇಟೆಗಷ್ಟೇ ಸಮಯವಿರುವವರು ಕೆಳಗಿನ ನಕ್ಷತ್ರಗಳಲ್ಲಿ ಅದನ್ನು ಬಳಸಲಿ. ಏಳನೇ ನಕ್ಷತ್ರಕ್ಕೆ ಬಂದಾಗ ತಾವೇ ತಯಾರಿಸಿದ ಆಯುಧ ಹಿಡಿಯಲಿ.

ಕಥೆಯಾಚೆಗೂ ಆಡುತ್ತಿರುವವರೊಬ್ಬರು

ಬಿಡಬಹುದಾದದ್ದು ಯಾವುದು ಎಂದು ಕೇಳಿದ್ದೀರಿ. ಅನಾಮಲಿ ಇನ್ವೆಸ್ಟಿಗೇಶನ್ (ಕಥೆಯ ನಂತರದ ಬೇಟೆಗಳು) ಮತ್ತು ಕ್ಯೂರಿಯಸ್ ಕ್ರಾಫ್ಟಿಂಗ್ (ಆಯುಧ, ಕವಚಗಳ ಮಾರ್ಪಾಡು) ಎಂಬ ಹೆಸರುಗಳು ಎಲ್ಲೆಡೆ ಕಿವಿಗೆ ಬೀಳುತ್ತವೆ. ಈಗ ಅವುಗಳ ಬಗ್ಗೆ ಒಂದಕ್ಷರವನ್ನೂ ಓದಬೇಡಿ. ಕೊನೆಯ ಮೃಗ ಗೈಸ್ಮಗಾರ್ಮ್‌ನನ್ನು ಸೋಲಿಸಿ ಕಥೆ ಮುಗಿಸಿದ ಮೇಲಷ್ಟೇ ಅವು ಪ್ರಸ್ತುತ. 2022ರ ಜೂನ್ 30ರಂದು ಸನ್‌ಬ್ರೇಕ್ ಬಂದಾಗ ಕ್ಯೂರಿಯಸ್ ಕ್ರಾಫ್ಟಿಂಗ್ ಇರಲೇ ಇಲ್ಲ. ಆಗಸ್ಟ್‌ನ ಉಚಿತ ಅಪ್‌ಡೇಟ್‌ನಲ್ಲಿ ಸೇರಿತು. ಆಮೇಲೆ ಅಪ್‌ಡೇಟ್‌ಗಳು 2023ರ ಜೂನ್‌ವರೆಗೂ ಬರುತ್ತಲೇ ಇದ್ದವು, ವೆಲ್ಖಾನಾ, ಅಮಾತ್ಸು, ಕೊನೆಗೆ ಪ್ರೈಮಾರ್ಡಿಯಲ್ ಮಾಲ್ಜೆನೊ ಸೇರಿದವು. ನೀವು ತಡವಾಗಿ ಬಂದಿರುವುದರಿಂದ ಇಷ್ಟೆಲ್ಲವೂ ಒಟ್ಟಿಗೆ ಕಾದಿದೆ. ನಾವು ತಿಂಗಳುಗಟ್ಟಲೆ ಕಾಯುತ್ತಾ ಆಡಿದ್ದನ್ನು ನೀವು ತಡೆಯಿಲ್ಲದೆ ಆಡಬಹುದು.

ಆದರೆ ಒಂದನ್ನು ಈಗಲೇ ತಿಳಿದಿರಿ: ಬ್ಲಡ್‌ಬ್ಲೈಟ್. ಕ್ಯೂರಿಯೊ ಎಂಬ ರಕ್ತ ಹೀರುವ ಜೀವಿಗಳು ಈ ವಿಸ್ತರಣೆಯ ಮುಖ್ಯ ಮೃಗ ಮಾಲ್ಜೆನೊ ಜೊತೆ ಬರುತ್ತವೆ. ಈ ಸ್ಥಿತಿ ತಗುಲಿದರೆ ಜೀವ ಸೋರುತ್ತಾ ಹೋಗುತ್ತದೆ, ಔಷಧಗಳೂ ಪೂರ್ತಿ ಫಲ ಕೊಡುವುದಿಲ್ಲ. ಓಡಿಹೋಗಿ ಔಷಧ ಕುಡಿಯುವುದು ನಮಗೆಲ್ಲ ಅಭ್ಯಾಸ. ಇಲ್ಲಿ ಅದರ ಬದಲು ಮೃಗಕ್ಕೆ ಹೊಡೆಯಬೇಕು. ಪ್ರತಿ ಏಟಿಗೂ ಸ್ವಲ್ಪ ಜೀವ ಮರಳುತ್ತದೆ. ಹೆದರಿದವನು ಸೋಲುವ ಹಾಗೆ, ಧೈರ್ಯ ಮಾಡಿದವನು ಉಳಿಯುವ ಹಾಗೆ ಕಾಳಗವನ್ನು ಹೆಣೆದಿದ್ದಾರೆ. ಇಡೀ ವಿಸ್ತರಣೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಯೋಚನೆ ಇದು.

ಮಾಲ್ಜೆನೊ, ಲುನಗಾರಾನ್, ಗಾರಂಗಾಲ್ಮ್ ಮೂವರಿಗೂ ಪ್ರೇರಣೆ ಪಾಶ್ಚಾತ್ಯ ಭಯದ ಕಥೆಗಳು: ರಕ್ತಪಿಶಾಚಿ, ತೋಳಮಾನವ, ಫ್ರಾಂಕೆನ್‌ಸ್ಟೈನ್‌ನ ಸೃಷ್ಟಿ. ಕಮುರಾ ಜಪಾನಿನ ಹಳ್ಳಿಯಂತಿದ್ದರೆ ಎಲ್ಗಾಡೊ ಯುರೋಪಿನ ಬಂದರುಕೋಟೆಯಂತಿದೆ. ಅವಸರದಲ್ಲಿ ದಾಟಿಹೋಗಬೇಡಿ, ಹೊಸ ಬೇಟೆಯ ಪ್ರದೇಶವಾದ ಸಿಟಡೆಲ್‌ನ ಪಾಳುಗೋಡೆಗಳ ಮೇಲೊಮ್ಮೆ ಹತ್ತಿ ಸುತ್ತ ನೋಡಿ.

ಕೇಳಿದವರು

ತುಂಬಾ ಧನ್ಯವಾದಗಳು. ಸ್ಪೆಷಲ್ ಲೈಸೆನ್ಸ್ ವಿಷಯ ಗೊತ್ತೇ ಇರಲಿಲ್ಲ, ಇಂದು ರಾತ್ರಿಯೇ ನೋಡುತ್ತೇನೆ. ಇನ್ನೊಂದು ಸಂದೇಹ: ಮುಂದೆ ಕಂಪ್ಯೂಟರ್ ಕೊಂಡರೆ ಇಲ್ಲಿಂದಲೇ ಮುಂದುವರಿಸಬಹುದೇ?

ಕಥೆಯಾಚೆಗೂ ಆಡುತ್ತಿರುವವರು

ಆಗುವುದಿಲ್ಲ. ಸ್ವಿಚ್ ಮತ್ತು ಸ್ಟೀಮ್ (ಕಂಪ್ಯೂಟರ್‌ನ ಆವೃತ್ತಿ) ನಡುವೆ ಸೇವ್ ಸಾಗುವುದಿಲ್ಲ, ಆ ಎರಡರ ಆಟಗಾರರು ಒಟ್ಟಿಗೆ ಆಡುವಂತೆಯೂ ಇಲ್ಲ. ಕಂಪ್ಯೂಟರ್‌ನಲ್ಲಿ ಚಿತ್ರ ಇನ್ನಷ್ಟು ಸರಾಗ ಎಂಬುದು ನಿಜ, ಆದರೆ ಅಲ್ಲಿ ಮೊದಲಿನಿಂದ ಶುರು ಮಾಡಬೇಕು. ಬೇಗ ಕೊಳ್ಳುವ ಯೋಚನೆಯಿದ್ದರೆ ನಾರ್ವಾಳ ಮುಂದೆ ನಿಲ್ಲುವ ಮೊದಲೇ ತೀರ್ಮಾನಿಸಿ.