ಸಹಾಯ ಬೇಕು: ಅಕ್ಕನ ಮಗನನ್ನು ಎಲ್ಲಿ ಸೇರಿಸುವುದು?

ಎಲ್ಲರಿಗೂ ಶರಣು. ನಾವು ಕಲಬುರಗಿಯವರು. ಅಕ್ಕನ ಮಗನಿಗೆ 15 ವರ್ಷ. ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದು ಎಸೆಯುತ್ತಾನೆ, ಮನೆ ಬಿಟ್ಟು ಹೋಗುತ್ತಾನೆ. ಹೋದ ವಾರ ತಾಯಿಯ ಮೇಲೇ ಕೈ ಮಾಡಿದ. ಆಮೇಲೆ ತಾನೇ ಮೂಲೆಯಲ್ಲಿ ಕೂತು ಅತ್ತ.

ದರ್ಗಾ, ಮಠ ಎಲ್ಲಾ ಆಯಿತು. ಇಲ್ಲಿನ ಮನೋವೈದ್ಯರು ಕೆಲವು ವಾರ ಅಡ್ಮಿಟ್ ಮಾಡಿ ನೋಡಬೇಕು ಅಂದಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳದೇ ವಾರ್ಡ್ ಇದೆ, ಆದರೆ ಮನೆಯವರೊಬ್ಬರು ಜೊತೆಗಿರಬೇಕು. ಅಕ್ಕ ಒಬ್ಬಳೇ ದುಡಿಯುವವಳು, ಅದೂ ತೊಗರಿ ರಾಶಿ ಸಮಯ. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ನಮಗೆ ಹತ್ತಿರ. ಅಲ್ಲಿ ಈ ವಯಸ್ಸಿನವರನ್ನು ತೋರಿಸಿದವರು ಇದ್ದೀರಾ?

ಯಾರೋ ಒಂದು ಖಾಸಗಿ 'ಸುಧಾರಣಾ ಕೇಂದ್ರ' ಹೇಳಿದರು. ಹೋಗಿ ನೋಡಿದೆ. ಕುಡಿತ ಬಿಡಿಸಲು ತಂದ ದೊಡ್ಡವರು, ಹುಡುಗರು ಎಲ್ಲಾ ಒಂದೇ ಹಾಲ್‌ನಲ್ಲಿ! 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ 18 ತುಂಬದವರನ್ನು ಬೇರೆಯೇ ಇಡಬೇಕು ಅಲ್ವಾ? ಸುಮ್ನೆ ವಾಪಸ್ ಬಂದೆ. ಆ ಜಾಗ ಬೇಡವೇ ಬೇಡ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೂ ಫೋನ್ ಮಾಡಿದ್ದೇನೆ, ಕನ್ನಡದಲ್ಲೇ ಸಮಾಧಾನವಾಗಿ ಮಾತಾಡಿದರು.

ನಿಮ್ಹಾನ್ಸ್ ಹತ್ತಿರ ಕಡಿಮೆ ಬಾಡಿಗೆಯ ರೂಮ್ ಗೊತ್ತಿದ್ದರೂ ಹೇಳಿ. ಹುಡುಗನ ಹೆಸರು ಮಾತ್ರ ಕೇಳಬೇಡಿ.