ಎಸ್ಟೀಮ್‌ಗೆ ಸೆಕೆಂಡ್ ಹ್ಯಾಂಡ್ ಪೋರ್ಟೆಡ್ ಹೆಡ್: ತಗೊಳ್ಳಲಾ, ಬಿಡಲಾ?

ವಿದ್ಯಾನಗರ_ಎಸ್ಟೀಮ್

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯವನು. ನನ್ನ ಹತ್ತಿರ 2004ರ ಮಾರುತಿ ಎಸ್ಟೀಮ್ ಕಾರು ಇದೆ, ಎಂಪಿಎಫ್‌ಐ, 16 ವಾಲ್ವ್. ಬಾಡಿ ಚೆನ್ನಾಗಿದೆ, ಕಂಪ್ರೆಷನ್ ನಾಲ್ಕೂ ಸಿಲಿಂಡರ್‌ನಲ್ಲಿ ಸರಿ ಬರುತ್ತಿದೆ. ಫ್ರೀ ಫ್ಲೋ ಎಕ್ಸಾಸ್ಟ್ ಆಗಲೇ ಹಾಕಿಸಿದ್ದೇನೆ. ಈಗ ಬೆಳಗಾವಿ ಕಡೆಯವರೊಬ್ಬರು ರ‍್ಯಾಲಿ ಕಾರಿನಿಂದ ಬಿಚ್ಚಿದ ಹೆಡ್ (ಎಂಜಿನ್ನಿನ ವಾಲ್ವ್ ಕೂರುವ ಮೇಲ್ಭಾಗ) ಮಾರುತ್ತಿದ್ದಾರೆ. ಪೋರ್ಟಿಂಗ್ ಆಗಿದೆ (ಗಾಳಿ, ಹೊಗೆಯ ದಾರಿ ಉಜ್ಜಿ ಅಗಲ ಮಾಡಿದ್ದಾರೆ), ದೊಡ್ಡ ವಾಲ್ವ್, ಗಟ್ಟಿ ಸ್ಪ್ರಿಂಗ್, ಬೇರೆ ಕ್ಯಾಮ್ (ವಾಲ್ವ್ ತೆರೆಸುವ ದಂಡ), ಎಲ್ಲ ಸೇರಿ 28 ಸಾವಿರ ಅಂತಾರೆ. ಫೋಟೋದಲ್ಲಿ ಫಳಫಳ ಹೊಳೆಯುತ್ತಿದೆ. "ಫೇಸಿಂಗ್ ಮಾಡಿಸಿದ್ದೀನಿ, ತಂದು ಬೋಲ್ಟ್ ಬಿಗಿದು ಓಡಿಸೋದೇ" ಅಂದರು. ನೋಡಲು ಹೋದಾಗ ಏನೇನು ಪರೀಕ್ಷೆ ಮಾಡಬೇಕು? ಕಾರು ದಿನಾ ಧಾರವಾಡಕ್ಕೆ ಓಡಾಡುತ್ತದೆ, ರಜೆ ಇದ್ದಾಗ ದಾಂಡೇಲಿ ಕಡೆ ಹೋಗುತ್ತೇನೆ, ಅಷ್ಟೇ.

ಲೇತ್_ಮಾಮಾ

ತಮ್ಮಾ, ಹೊಳೆಯುವುದನ್ನು ನೋಡಬೇಡ. ಆ ಫೇಸಿಂಗ್, ಅಂದರೆ ಕೆಳಮುಖ ಕೆತ್ತಿ ಸಪಾಟು ಮಾಡುವುದು, ಯಾಕೆ ಮಾಡಿಸಿದರು ಅಂತ ಮೊದಲು ಕೇಳು. ಅಲ್ಯೂಮಿನಿಯಂ ಹೆಡ್ ಇದು, ಬಿಸಿಗೆ ಬೀಡು ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಒಂದು ಸಲ ನೀರು ಖಾಲಿಯಾಗಿ ಓಡಿದರೆ ಸಾಕು, ಹೆಡ್ ನಡುವೆ ಬಾಗುತ್ತದೆ. ಆಮೇಲೆ ಅಂಗಡಿಗೆ ಒಯ್ದು ಕೆಳಗಿನ ಮುಖ ಹೊಡೆಸಿದರೆ ಸ್ಟ್ರೈಟ್ ಎಡ್ಜ್ ಇಟ್ಟಾಗ ಸಪಾಟಾಗಿಯೇ ಕಾಣುತ್ತದೆ. ಆದರೆ ಮೇಲೆ ಕ್ಯಾಮ್ ಕೂರುವ ಸಾಲು ಬಾಗಿದ್ದು ಬಾಗಿದ ಹಾಗೇ ಇರುತ್ತದೆ ನೋಡು! ಅದನ್ನು ಫೋಟೋದಲ್ಲಿ ಯಾರೂ ತೋರಿಸುವುದಿಲ್ಲ.

ಹಾಗಾಗಿ ವಾಲ್ವ್ ಒತ್ತುವ ರಾಕರ್ ಎಲ್ಲ ತೆಗೆಸು. ಕ್ಯಾಮ್ ಮಾತ್ರ ಕೂರಿಸಿ, ಎಣ್ಣೆ ಹಚ್ಚಿ, ಕ್ಯಾಪ್‌ಗಳನ್ನು ಸರಿಯಾದ ಟಾರ್ಕ್‌ಗೆ ಬಿಗಿದು ಕೈಯಿಂದ ತಿರುಗಿಸು. ಒಂದೇ ಸಮ ಹಗುರಾಗಿ ತಿರುಗಬೇಕು. ಎಲ್ಲಾದರೂ ಒಂದು ಕಡೆ ಬಿಗಿ ಅನ್ನಿಸಿತಾ, ಅಲ್ಲೇ ಬಿಟ್ಟು ಚಹಾ ಕುಡಿದು ಬಾ. ಕೆಳಮುಖಕ್ಕೆ ಸ್ಟ್ರೈಟ್ ಎಡ್ಜ್ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ಬ್ಲೇಡ್) ಹಾಕು, ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ. 0.05 ಮಿಮೀ ಬ್ಲೇಡ್ ತೂರಿದರೆ ಮತ್ತೆ ಫೇಸಿಂಗ್ ಬೇಕು. ಆಗಲೇ ಎಷ್ಟು ಹೊಡೆದಿದ್ದಾರೆ ಅಂತ ಹೆಡ್ ದಪ್ಪ ಅಳೆದು ಹೊಸದರ ದಪ್ಪಕ್ಕೆ ಹೋಲಿಸು.

ಯಾಕೆ ಹೇಳುತ್ತೇನೆ ಅಂದರೆ, ನಿನ್ನ ಎಂಜಿನ್ 1298 ಸಿಸಿ, ಒಂದು ಸಿಲಿಂಡರ್‌ಗೆ ಸುಮಾರು 325. ಕಂಪ್ರೆಷನ್ ಅನುಪಾತ 9 ಇದೆ ಅಂತ ಹಿಡಿ, ಹಾಗಾದರೆ ಪಿಸ್ಟನ್ ಮೇಲೆ ಉಳಿಯುವ ಜಾಗ 40 ಸಿಸಿ ಚಿಲ್ಲರೆ. ಅರ್ಧ ಮಿಮೀ ಹೊಡೆದರೆ ಹೆಚ್ಚೆಂದರೆ 2 ಸಿಸಿ ಹೋಗುತ್ತದೆ, ಕಂಪ್ರೆಷನ್ 9.4ರ ಹತ್ತಿರ ಬರುತ್ತದೆ. ಅಷ್ಟಕ್ಕೆ ಭಯ ಇಲ್ಲ, ಕೆಲವರು ಬೇಕೆಂದೇ ಹೊಡೆಸುತ್ತಾರೆ. ಆದರೆ ಹೆಡ್ ಕೆಳಗೆ ಇಳಿದಷ್ಟು ಕ್ಯಾಮ್ ಟೈಮಿಂಗ್ ತಡವಾಗುತ್ತದೆ, ವಾಲ್ವ್ ಪಿಸ್ಟನ್‌ಗೆ ಹತ್ತಿರ ಬರುತ್ತದೆ. ಅದರ ಮೇಲೆ ದೊಡ್ಡ ವಾಲ್ವ್, ಬೇರೆ ಕ್ಯಾಮ್ ಬೇರೆ. ಸುಮ್ನೆ ಬೋಲ್ಟ್ ಬಿಗಿದು ಓಡಿಸುವ ಮಾತು ಅಲ್ಲ ಇದು.

ಇನ್ನೊಂದು, ನೀರಿನ ತೂತುಗಳ ಸುತ್ತ ಬೆರಳಾಡಿಸು. ನಮ್ಮ ಕಡೆ ಕೂಲಂಟ್ ಬಿಟ್ಟು ಬೋರ್‌ವೆಲ್ ನೀರು ತುಂಬಿಸುವ ಪುಣ್ಯಾತ್ಮರು ಬಹಳ. ಅಲ್ಯೂಮಿನಿಯಂ ತಿಂದು ಹೋಗಿ ಗುಳಿ ಬಿದ್ದಿರುತ್ತದೆ, ಅದಕ್ಕೆ ಎಂ-ಸೀಲ್ ಮೆತ್ತಿ ಉಜ್ಜಿ ಮಾರಲು ತರುತ್ತಾರೆ. ಉಗುರಿನಿಂದ ಗೀರಿದರೆ ಗೊತ್ತಾಗುವುದಿಲ್ಲ, ಚಾಕು ತುದಿ ಹಾಕು.

ಬೆಟಗೇರಿ_ಬಲೆನೋ

28 ಸಾವಿರ ಹೆಡ್‌ಗೆ, ಮೇಲೆ ಗ್ಯಾಸ್ಕೆಟ್ ಸೆಟ್, ಬೆಲ್ಟ್, ಕೆಲಸದ ಕೂಲಿ. ಅದರ ಬದಲು ಗುಜರಿಯಲ್ಲಿ ಹಳೆ ಬಲೆನೋದ 1.6 ಎಂಜಿನ್ ಹುಡುಕಿ ಪೂರ್ತಿ ಇಳಿಸಿಬಿಡಿ ಸರ್, ಬಹಳ ಜನ ಮಾಡಿದ್ದಾರೆ.

ಲೇತ್_ಮಾಮಾ

ಎಂಜಿನ್ ನಂಬರ್ ಇರುವುದು ಬ್ಲಾಕ್ (ಸಿಲಿಂಡರ್‌ಗಳಿರುವ ಕೆಳಭಾಗ) ಮೇಲೆ. ಎಂಜಿನ್ ಬದಲಿಸಿದರೆ ಆರ್‌ಸಿಯಲ್ಲಿ ಏರಿಸಬೇಕು, ಆರ್‌ಟಿಓ ಮೆಟ್ಟಿಲು ಹತ್ತಬೇಕು. ಹುಡುಗ ಕೇಳಿದ್ದು ಹೆಡ್ ಬಗ್ಗೆ, ಅದನ್ನು ಹೇಳ್ರಿ.

ಧಾರವಾಡ_ಟು_ಮಿಶಿಗನ್

ನಾನು ಹುಟ್ಟಿದ್ದು ಧಾರವಾಡ, ಈಗ ಇಲ್ಲಿ ಶೆವಿ 350 ವಿ8 ಇಟ್ಟುಕೊಂಡು ಒದ್ದಾಡುತ್ತಿದ್ದೇನೆ. ಇಲ್ಲಿ ಎಡೆಲ್‌ಬ್ರಾಕ್, ಎಎಫ್‌ಆರ್, ಟ್ರಿಕ್ ಫ್ಲೋ ಅಂತ ಆಫ್ಟರ್‌ಮಾರ್ಕೆಟ್ ಅಲ್ಯೂಮಿನಿಯಂ ಹೆಡ್‌ಗಳು ಸೆಕೆಂಡ್ ಹ್ಯಾಂಡ್ ಬೇಕಾದಷ್ಟು ಸಿಗುತ್ತವೆ. ಇಲ್ಲಿಯೂ ಅದೇ ಕತೆ. ಯಾರೂ "ಬಿಸಿಯಾಗಿ ಹಾಳಾಯ್ತು" ಅನ್ನುವುದಿಲ್ಲ, "ಪ್ರಾಜೆಕ್ಟ್ ಬಿಟ್ಟೆ" ಅನ್ನುತ್ತಾರೆ.

ಮಾಮಾ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಇಂಥ ಹೆಡ್‌ಗಳನ್ನು ಎರಕ ಹೊಯ್ದ ಮೇಲೆ ಕಾಯಿಸಿ ಗಟ್ಟಿ ಮಾಡಿರುತ್ತಾರೆ. ವಿಪರೀತ ಬಿಸಿಯಾದರೆ ಆ ಗಟ್ಟಿತನ ಇಳಿದು ಲೋಹ ಮೆತ್ತಗಾಗುತ್ತದೆ, ಎಷ್ಟು ಫೇಸಿಂಗ್ ಮಾಡಿದರೂ ಅದು ವಾಪಸ್ ಬರುವುದಿಲ್ಲ. ಗ್ಯಾಸ್ಕೆಟ್‌ನ ಉಂಗುರ ಹೆಡ್‌ನಲ್ಲಿ ಆಳವಾಗಿ ಒತ್ತಿದ ಗುರುತು ಇದ್ದರೆ ಅನುಮಾನ ಪಡಬೇಕು. ನಿಮ್ಮದರಲ್ಲಿ ಫೇಸಿಂಗ್ ಆಗಿರುವುದರಿಂದ ಆ ಗುರುತು ಅಳಿಸಿಹೋಗಿರುತ್ತದೆ, ಹಾರ್ಡ್‌ನೆಸ್ ನೋಡಿಸುವುದೇ ದಾರಿ. ಬಿರುಕು ಬೀಳುವುದು ಹೆಚ್ಚಾಗಿ ಎರಡು ವಾಲ್ವ್ ಸೀಟ್‌ಗಳ ನಡುವೆ, ಇಲ್ಲವೇ ಪ್ಲಗ್ ತೂತಿನ ಹತ್ತಿರ. ಕಬ್ಬಿಣದ ಹೆಡ್‌ಗೆ ಮಾಡುವ ಮ್ಯಾಗ್ನೆಟ್ ಪರೀಕ್ಷೆ ಇಲ್ಲಿ ನಡೆಯುವುದಿಲ್ಲ, ಅಲ್ಯೂಮಿನಿಯಂಗೆ ಅಯಸ್ಕಾಂತ ಹಿಡಿಯುವುದೇ ಇಲ್ಲವಲ್ಲ. ಬಣ್ಣ ಸ್ಪ್ರೇ ಮಾಡಿ ನೋಡುವ ಡೈ ಪೆನೆಟ್ರಂಟ್ ಟೆಸ್ಟ್, ಇಲ್ಲವೇ ನೀರಿನ ದಾರಿ ಮುಚ್ಚಿ ಗಾಳಿ ತುಂಬಿ ಬಿಸಿ ನೀರಲ್ಲಿ ಮುಳುಗಿಸಿ ಗುಳ್ಳೆ ನೋಡುವ ಪ್ರೆಷರ್ ಟೆಸ್ಟ್. ಪೋರ್ಟ್ ಮಾಡಿದ ಹೆಡ್‌ಗೆ ಪ್ರೆಷರ್ ಟೆಸ್ಟ್ ಬೇಕೇ ಬೇಕು. ಗ್ರೈಂಡರ್ ಹಿಡಿದವನ ಕೈ ಸ್ವಲ್ಪ ಜಾರಿದರೂ ಪೋರ್ಟ್ ಗೋಡೆ ಕಾಗದದಷ್ಟು ತೆಳ್ಳಗಾಗಿ, ಓಡುವಾಗ ನೀರಿನ ಕಡೆಗೆ ತೂತು ಬೀಳುತ್ತದೆ.

ವಾಲ್ವ್ ತಾಗುತ್ತದೋ ಇಲ್ಲವೋ ನೋಡಲು ಪಿಸ್ಟನ್ ಮೇಲೆ ಮಕ್ಕಳ ಕ್ಲೇ ಇಟ್ಟು, ಹಳೆ ಗ್ಯಾಸ್ಕೆಟ್ ಹಾಕಿ ಜೋಡಿಸಿ, ಕ್ರ್ಯಾಂಕ್ ಕೈಯಿಂದ ಎರಡು ಸುತ್ತು ತಿರುಗಿಸಿ. ಆಮೇಲೆ ಬಿಚ್ಚಿ ಕ್ಲೇ ಕತ್ತರಿಸಿ ಅಳೆಯಿರಿ. ಇಲ್ಲಿನವರ ಲೆಕ್ಕದಲ್ಲಿ ಇನ್‌ಟೇಕ್‌ಗೆ 2 ಮಿಮೀ, ಎಕ್ಸಾಸ್ಟ್‌ಗೆ 2.5 ಮಿಮೀ ಉಳಿದಿರಬೇಕು.

ರಾಣೆಬೆನ್ನೂರು_16ವಿ

ನೀವು ಕೊನೆಯಲ್ಲಿ ಬರೆದ ಮಾತೇ ಮುಖ್ಯ, ದಿನಾ ಧಾರವಾಡಕ್ಕೆ ಓಡಾಟ ಅಂತ. ರ‍್ಯಾಲಿ ಹೆಡ್, ರ‍್ಯಾಲಿ ಕ್ಯಾಮ್ ಎಲ್ಲ ಮೇಲಿನ ಆರ್‌ಪಿಎಂಗೆ ಮಾಡಿದ್ದು. ಪೋರ್ಟ್ ಜಾಸ್ತಿ ಅಗಲ ಮಾಡಿದರೆ ಕೆಳಗಿನ ಆರ್‌ಪಿಎಂನಲ್ಲಿ ಗಾಳಿಯ ವೇಗ ಕಡಿಮೆಯಾಗುತ್ತದೆ, ಎಳೆತ ಹೋಗುತ್ತದೆ. ಉಣಕಲ್ ಹತ್ತಿರ ಟ್ರಾಫಿಕ್‌ನಲ್ಲಿ ಎರಡನೇ ಗೇರ್‌ನಲ್ಲಿ ತೆವಳುವಾಗ ಗಾಡಿ ಕುಕ್ಕುತ್ತದೆ. ಆ ಕ್ಯಾಮ್‌ನಿಂದ ವ್ಯಾಕ್ಯೂಮ್ ಇಳಿದು ಐಡಲ್ ಕೂಡ ಏರಿಳಿಯುತ್ತದೆ, ಕಂಪನಿಯ ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರ್) ಅದು ಅರ್ಥವಾಗುವುದಿಲ್ಲ, ಟ್ಯೂನಿಂಗ್ ಬೇರೆ ಮಾಡಿಸಬೇಕು. ಹೆಡ್ ಸರಿಯಿದ್ದರೆ ತಗೊಳ್ಳಿ, ಆದರೆ ನಿಮ್ಮ ಹಳೆ ಕ್ಯಾಮ್ ಹಾಕಿ ಓಡಿಸಿ.

ವಿದ್ಯಾನಗರ_ಎಸ್ಟೀಮ್

ಎಲ್ಲರಿಗೂ ಥ್ಯಾಂಕ್ಸ್. ಫೋನ್ ಮಾಡಿ ಕೇಳಿದೆ. ಬಿಸಿಯಾಗಿತ್ತಾ ಅಂದರೆ "ಸ್ವಲ್ಪ" ಅಂದರು! ತಮ್ಮ ಮನೆಯಲ್ಲಿ ವಾಲ್ವ್ ಬಿಚ್ಚಲು ಅವರು ಒಪ್ಪುತ್ತಿಲ್ಲ. ಆದರೆ ಟೆಸ್ಟಿಂಗ್ ಖರ್ಚು ನಾನು ಕೊಟ್ಟರೆ ಭಾನುವಾರ ಗೋಕುಲ ರೋಡಿನ ಬೋರಿಂಗ್ ಅಂಗಡಿಗೆ ಹೆಡ್ ತರುತ್ತಾರಂತೆ. ಐದು ಸಾವಿರ ಅಡ್ವಾನ್ಸ್ ಕೇಳುತ್ತಿದ್ದಾರೆ. ಮಾಮಾ, ಏನು ಮಾಡಲಿ?

ಲೇತ್_ಮಾಮಾ

ಭಾನುವಾರ ಅಂಗಡಿ ಬಂದ್ ಇರುತ್ತದೆ ತಮ್ಮಾ, ಅವರಿಗೂ ಅದು ಗೊತ್ತಿರುತ್ತದೆ. ಸೋಮವಾರ ಕರೆಸು. ಟೆಸ್ಟಿಂಗ್ ದುಡ್ಡು ನೇರವಾಗಿ ಅಂಗಡಿಯವನ ಕೈಗೆ ಕೊಡು, ಅಡ್ವಾನ್ಸ್ ಒಂದು ರೂಪಾಯಿ ಬೇಡ. ಬರುವಾಗ ಕ್ಯಾಮ್ ಮತ್ತು ಅದರ ಕ್ಯಾಪ್‌ಗಳನ್ನು ಮರೆಯದೆ ತರಲು ಹೇಳು, ಬೇರೆ ಹೆಡ್‌ನ ಕ್ಯಾಪ್ ಇದಕ್ಕೆ ಕೂರುವುದಿಲ್ಲ.